ಹಡಗು ಸರಕಿನ ಕಂಟೇನರುಗಳು ಮತ್ತು ಕಾರ್ಮಿಕರ ಸುರಕ್ಷತೆ

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟೈಕಿನ್' ಎಂಬ ಹಡಗು ಸ್ಫೋಟಗೊಂಡು ನೂರಾರು ಜನ ಮಡಿದರು. ಬೆಂಕಿ ನಂದಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿಯೂ ಅವರಲ್ಲಿ ಸೇರಿದ್ದರು. ಸುಮಾರು 1,400 ಟನ್ ಸ್ಫೋಟಕಗಳೊಡನೆ ಅದೇ ಹಡಗಿನಲ್ಲಿ ಹತ್ತಿಯ ಬೇಲುಗಳನ್ನೂ ತುಂಬಲಾಗಿತ್ತು. ಆ ದಿನದ ಸ್ಮರಣಾರ್ಥ ಪ್ರತಿವರ್ಷ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸಲಾಗುತ್ತದೆ. ಯಾವ ಸರಕಿನ ಪಕ್ಕದಲ್ಲಿ ಯಾವುದನ್ನು ಇಡಬಾರದು ಎಂಬುದು ಸರಕು ಸಾಗಣೆಯ ಮೊದಲ ಪಾಠವೆಂಬುದನ್ನು ಈ ದುರಂತ ತೋರಿಸಿಕೊಟ್ಟಿತು.

ಇಂದು ಬಹುಪಾಲು ಸಿದ್ಧವಸ್ತುಗಳು 20 ಅಡಿ ಅಥವಾ 40 ಅಡಿ ಉದ್ದದ ಉಕ್ಕಿನ ಕಂಟೇನರುಗಳಲ್ಲಿ ಸಾಗುತ್ತವೆ. ಒಳಗಿನ ಸರಕು ಹೊರಗಿನವರಿಗೆ ಕಾಣುವುದಿಲ್ಲ. ಆದುದರಿಂದ ಅಪಾಯಕಾರಿ ಸರಕನ್ನು ದಾಖಲೆಯಲ್ಲಿ ಪ್ರಾಮಾಣಿಕವಾಗಿ ನಮೂದಿಸಿ, ಹೊರಮೈಗೆ ಎಚ್ಚರಿಕೆಯ ಚಿಹ್ನೆ ಅಂಟಿಸುವುದು ಅತ್ಯಗತ್ಯ.

ತೂಕ ಮತ್ತು ಜೋಡಣೆ

ಸುಳ್ಳು ತೂಕವನ್ನು ನಂಬಿ ಭಾರವಾದ ಪೆಟ್ಟಿಗೆಯನ್ನು ಅಟ್ಟಿಯ ಮೇಲ್ತುದಿಯಲ್ಲಿಟ್ಟರೆ ಅಟ್ಟಿಯೇ ಕುಸಿಯಬಹುದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ, 2016ರ ಜುಲೈ 1ರಿಂದ ತೂಕವನ್ನು ಪರಿಶೀಲಿಸಿ ದೃಢೀಕರಿಸದ ತುಂಬಿದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ತುಂಬಿದ ಕಂಟೇನರನ್ನೇ ತೂಗಬಹುದು; ಇಲ್ಲವೇ ಸರಕು ಮತ್ತು ಕಟ್ಟುಸಾಮಗ್ರಿಗಳನ್ನು ತೂಗಿ, ಬಾಗಿಲಿನ ಮೇಲೆ ಬರೆದಿರುವ ಖಾಲಿ ಕಂಟೇನರಿನ ತೂಕವನ್ನು ಕೂಡಿಸಬಹುದು. ಸರಕನ್ನು ನೆಲದ ಮೇಲೆ ಸಮನಾಗಿ ಹರಡಿ, ಜರುಗದಂತೆ ಬಿಗಿಯತಕ್ಕದ್ದು. ದಾರಿಯಲ್ಲಿ ಜರುಗಿದ ಸರಕು ಬಾಗಿಲಿಗೆ ಒರಗಿರಬಹುದಾದ್ದರಿಂದ ಬಾಗಿಲು ತೆರೆಯುವವನು ಅದರ ಎದುರು ನಿಲ್ಲಬಾರದು.

ಎತ್ತುವಾಗ

ಲಾರಿಗೆ ಕಂಟೇನರನ್ನು ಬಂಧಿಸುವ ಮೂಲೆಬೀಗಗಳು ನಾಲ್ಕೂ ಬಿಟ್ಟಿವೆಯೇ ಎಂದು ನೋಡಿದ ಮೇಲೆಯೇ ಕ್ರೇನ್ ಎತ್ತಬೇಕು. ಒಂದೇ ಬೀಗ ಉಳಿದರೂ ಲಾರಿ ಜೊತೆಯಲ್ಲೇ ಮೇಲೆದ್ದು ಮಗುಚಬಹುದು. ತೂಗುತ್ತಿರುವ ಭಾರದ ಕೆಳಗೆ ಯಾರೂ ಸುಳಿಯಬಾರದು. ಕ್ರೇನ್ ಚಾಲಕನಿಗೆ ಸಂಜ್ಞೆ ನೀಡುವವನು ಒಬ್ಬನೇ ಇರಬೇಕು. ಆದರೆ 'ನಿಲ್ಲಿಸು' ಎಂಬ ಸಂಜ್ಞೆಯನ್ನು ಯಾರು ಕೊಟ್ಟರೂ ಪಾಲಿಸಬೇಕು.

ಕಾಣದ ಅಪಾಯ

ಕೀಟನಾಶಕ್ಕಾಗಿ ಫಾಸ್ಫೀನ್ ಅಥವಾ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ ಕಂಟೇನರುಗಳಲ್ಲಿ ವಿಷಾನಿಲ ಉಳಿದಿರಬಹುದು. ಮರದ ದಿಮ್ಮಿ, ತುಕ್ಕು ಹಿಡಿಯುವ ಕಬ್ಬಿಣದ ಚೂರು, ಕಲ್ಲಿದ್ದಲು ಮುಂತಾದವು ಮುಚ್ಚಿದ ಹಡಗಿನ ಒಡಲಿನಲ್ಲಿ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಪಾಲು ಇರುತ್ತದೆ. ಅದು ತೀರ ಕಡಿಮೆಯಾದಲ್ಲಿ ಮನುಷ್ಯ ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುತ್ತಾನೆ. ಬಿದ್ದವನನ್ನು ಎತ್ತಲು ಇಳಿದ ಸಂಗಾತಿಯೂ ಬಲಿಯಾಗುವುದು ಇಂತಹ ಅಪಘಾತಗಳ ದಾರುಣ ಲಕ್ಷಣ. ಆದುದರಿಂದ ಮೊದಲು ಗಾಳಿಯಾಡಿಸಿ, ಉಪಕರಣದಿಂದ ಪರೀಕ್ಷಿಸಿ, ಅನಂತರ ಒಳಹೋಗಬೇಕು. ರಕ್ಷಣೆಗೆ ಇಳಿಯುವವರು ಉಸಿರಾಟದ ಸಾಧನವನ್ನು ಧರಿಸಿರಲೇಬೇಕು.

ಗೋದಿ ಕಾರ್ಮಿಕರ ಸುರಕ್ಷತೆ, ಆರೋಗ್ಯ ಹಾಗೂ ಕಲ್ಯಾಣಕ್ಕಾಗಿ ಸಂಸತ್ತು 1986ರಲ್ಲಿಯೇ ಪ್ರತ್ಯೇಕ ಕಾನೂನನ್ನು ರೂಪಿಸಿತ್ತು; 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ವಿಷಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೆ ಕಾನೂನು ಫಲಿಸುವುದು ಸರಕು ತುಂಬುವ ದೂರದ ಗೋದಾಮಿನಲ್ಲಿ. ಅಲ್ಲಿ ಬರೆದ ಒಂದು ಸರಿಯಾದ ಅಂಕಿ ಬಂದರಿನಲ್ಲಿ ದುಡಿಯುವ ಅಪರಿಚಿತನೊಬ್ಬನ ಜೀವವನ್ನು ಕಾಯುತ್ತದೆ.