ವೃಷಣಕ್ಕೆ ಬಿದ್ದ ಪೆಟ್ಟು ಮತ್ತು ಮಾಯದ ನೋವು

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಚೆನ್ನೈ–ಕೋಲ್ಕತಾ ಹೆದ್ದಾರಿಯೂ ಮಚಲೀಪಟ್ಟಣಕ್ಕೆ ಹೋಗುವ ಬಂದರು ರಸ್ತೆಯೂ ಸಂಧಿಸುತ್ತವೆ. ಇಂತಹ ವಾಹನದಟ್ಟಣೆಯ ವೃತ್ತಗಳಲ್ಲಿ ಮುಂದಿನ ವಾಹನವು ಥಟ್ಟನೆ ನಿಂತಾಗ ಬೈಕ್ ಸವಾರನು ಮುಂದಕ್ಕೆ ಜಾರಿ, ಅವನ ತೊಡೆಸಂದು ಪೆಟ್ರೋಲ್ ಟ್ಯಾಂಕಿಗೆ ಬಡಿಯುವುದುಂಟು. ರಕ್ತ ಬರುವುದಿಲ್ಲ, ಗಾಯವೂ ಕಾಣುವುದಿಲ್ಲ. ಸವಾರನು ಕ್ಷಣಕಾಲ ಬಾಗಿ ನಿಂತು ಮತ್ತೆ ಹೊರಡುತ್ತಾನೆ. ಮೂರು ದಿನ ಕಳೆದರೂ ನೋವು ಇಳಿಯದಿದ್ದಾಗ ಮನೆಯವರಿಗೆ ಹೇಳಲು ಸಂಕೋಚಪಡುತ್ತಾನೆ.

ಭ್ರೂಣಾವಸ್ಥೆಯಲ್ಲಿ ವೃಷಣಗಳು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಸಮೀಪದಲ್ಲಿ ರೂಪುಗೊಂಡು ಅನಂತರ ಕೆಳಗಿಳಿಯುತ್ತವೆ. ಅವುಗಳ ನರಗಳೂ ಅಲ್ಲಿಂದಲೇ ಬಂದಿರುವುದರಿಂದ ಪೆಟ್ಟು ಬಿದ್ದೊಡನೆ ಕೆಳಹೊಟ್ಟೆ ಹಿಂಡಿದಂತಾಗಿ ವಾಕರಿಕೆ ಬರುತ್ತದೆ. ಸಣ್ಣ ಪೆಟ್ಟಿನ ತೀವ್ರ ನೋವು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ತಗ್ಗುತ್ತದೆ; ಮುಟ್ಟಿದರೆ ನೋಯುವಿಕೆ ಕೆಲವು ದಿನ ಉಳಿಯಬಹುದು. ವಿಶ್ರಾಂತಿ, ಬಿಗಿಯಾದ ಒಳಉಡುಪು ಅಥವಾ ಲಂಗೋಟಿಯ ಆಸರೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಷ್ಟು ಸಾಕು. ಬಿಸಿ ಶಾಖ ಕೊಡುವ ರೂಢಿಯು ಮೊದಲ ಎರಡು ದಿನ ಕೂಡದು. ಅದರಿಂದ ಬಾವು ಹೆಚ್ಚುತ್ತದೆ.

ಒಂದು ಗಂಟೆ ಕಳೆದರೂ ತೀವ್ರ ನೋವು ಕಡಿಮೆಯಾಗದಿದ್ದರೆ, ಅಥವಾ ಕಡಿಮೆಯಾದದ್ದು ಮರುಕಳಿಸಿದರೆ ವಿಷಯ ಬೇರೆ. ವೃಷಣವನ್ನು ತೂಗಿಹಿಡಿದ ನಾಳವು ತಿರುಚಿಕೊಂಡು ರಕ್ತಸಂಚಾರ ನಿಂತಿರಬಹುದು. ಇದು ಹದಿಹರೆಯದವರಲ್ಲಿ ಹೆಚ್ಚು. ಪೆಟ್ಟಿನ ನಂತರವೂ, ನಿದ್ರೆಯಲ್ಲಿಯೂ ಸಂಭವಿಸುತ್ತದೆ. ಸುಮಾರು 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ನಡೆದರೆ ವೃಷಣವು ಬಹುಮಟ್ಟಿಗೆ ಉಳಿಯುತ್ತದೆ. ತಡವಾದಷ್ಟೂ ಕೈತಪ್ಪುವ ಸಂಭವ ಹೆಚ್ಚು. ವೃಷಣದ ಹೊರಪದರವು ಹರಿದು ರಕ್ತ ಕಟ್ಟಿಕೊಂಡಿದ್ದರೂ ಶೀಘ್ರ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಬಾವು, ನೀಲಿಗಟ್ಟುವಿಕೆ, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯಬಾರದು.

ವಾರಗಟ್ಟಲೆ ಉಳಿಯುವ ಮಂದನೋವು ಸೋಂಕಿನದು ಅಥವಾ ಪೆಟ್ಟಿನ ಉಳಿಕೆಯದು ಆಗಿರಬಹುದು. ಆದರೆ ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರೆ ಪರೀಕ್ಷೆ ಅಗತ್ಯ. ವೃಷಣದ ಕ್ಯಾನ್ಸರು ಹೆಚ್ಚಾಗಿ ತರುಣರಿಗೆ ಬರುವಂಥದು. ಪೆಟ್ಟು ಅದಕ್ಕೆ ಕಾರಣವಲ್ಲ. ಪೆಟ್ಟು ಬಿದ್ದುದರಿಂದ ಮುಟ್ಟಿ ನೋಡಿದಾಗ, ಮೊದಲೇ ಇದ್ದ ಗಂಟು ಗೊತ್ತಾಗುತ್ತದೆ, ಅಷ್ಟೆ. ಬೇಗ ಪತ್ತೆಯಾದರೆ ಬಹುಪಾಲು ಪೂರ್ಣ ಗುಣವಾಗುತ್ತದೆ.

ವೈದ್ಯರು ಕೈಯಿಂದ ಪರೀಕ್ಷಿಸಿ, ಅಗತ್ಯವಿದ್ದರೆ ಡಾಪ್ಲರ್ ಅಲ್ಟ್ರಾಸೌಂಡ್ ಮೂಲಕ ರಕ್ತಸಂಚಾರವನ್ನು ನೋಡುತ್ತಾರೆ. ಇದರಲ್ಲಿ ಕೊಯ್ಯುವುದಾಗಲಿ ಚುಚ್ಚುವುದಾಗಲಿ ಇಲ್ಲ. ವಿಜಯವಾಡದಲ್ಲಿರುವ ಕನ್ನಡಿಗನಿಗೆ ಭಾಷೆಯೂ ದೊಡ್ಡ ತೊಡಕಲ್ಲ: ವೃಷಣಕ್ಕೆ ತೆಲುಗಿನಲ್ಲಿ ‘ವೃಷಣಂ’, ನೋವಿಗೆ ‘ನೊಪ್ಪಿ’. ಪೆಟ್ಟು ಬಿದ್ದ ವೇಳೆಯನ್ನೂ ನೋವು ಆರಂಭವಾದ ಗಂಟೆಯನ್ನೂ ಸರಿಯಾಗಿ ಹೇಳುವುದು ಮುಖ್ಯ. ಆಂಧ್ರಪ್ರದೇಶ, ಕರ್ನಾಟಕ ಎರಡರಲ್ಲಿಯೂ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಬಹುದು. ಒಂದು ವೃಷಣವನ್ನು ತೆಗೆಯಬೇಕಾಗಿ ಬಂದರೂ, ಇನ್ನೊಂದು ಆರೋಗ್ಯವಾಗಿದ್ದರೆ ಪುರುಷತ್ವಕ್ಕಾಗಲಿ ಸಂತಾನಶಕ್ತಿಗಾಗಲಿ ಸಾಮಾನ್ಯವಾಗಿ ಕುಂದು ಬರುವುದಿಲ್ಲ.