ಪೆಟ್ರೋಲಿಗೆ ಆಯಿಲ್ ಯಾಕೆ ಬೆರೆಸಬೇಕು?

ನಮ್ಮ ತಾತನ ಯೆಜ್ಡಿ ಬೈಕು ನಿಮಗೆಲ್ಲಾ ಗೊತ್ತು. ಅದು ಕೆರೆ ಏರಿ ಹತ್ತುವಾಗಲೇ ಅದರ ಡುಗು ಡುಗು ಸದ್ದು ನಮ್ಮ ಕ್ಲಾಸಿಗೆ ಕೇಳಿಸುತ್ತದೆ. ಮೇಷ್ಟ್ರು ಪಾಠ ನಿಲ್ಲಿಸಿ "ಬಂದ್ರಪ್ಪ ನಿಮ್ಮ ತಾತ" ಅಂತಾರೆ. ಕಳೆದ ಬೇಸಿಗೆ ರಜೆಯಲ್ಲಿ ಆ ಸದ್ದು ಒಂದು ತಿಂಗಳು ನಿಂತೇ ಹೋಗಿತ್ತು. ಯಾಕೆ ಎಂದು ತುಂಬಾ ಜನ ಕೇಳಿದಿರಿ. ನಾನು ಹೇಳಿರಲಿಲ್ಲ. ಈಗ ಹೇಳುತ್ತೇನೆ. ಆದರೆ ಮೊದಲು ಎಂಜಿನ್ನಿನ ಪಾಠ ಆಗಬೇಕು. ಇಲ್ಲದಿದ್ದರೆ ನಾನು ಮಾಡಿದ್ದು ಎಂಥ ತಪ್ಪು ಎಂದು ತಿಳಿಯುವುದಿಲ್ಲ.

ಮೈಸೂರಿನ ಬೈಕು

ಈ ಬೈಕು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ ಇತ್ತು. ೧೯೬೧ರಲ್ಲಿ ಅಲ್ಲಿ ಜಾವಾ ಬೈಕುಗಳ ತಯಾರಿಕೆ ಶುರುವಾಯಿತು. ಜಾವಾ ಎಂದರೆ ಆಗಿನ ಜೆಕೊಸ್ಲೊವಾಕಿಯಾ ದೇಶದ ಬೈಕು. ೧೯೭೩ರಿಂದ ಯೆಜ್ಡಿ ಎಂಬ ಹೆಸರು ಬಂತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಹೊಸ ಬೈಕುಗಳು ಬಂದವು. ಆದರೆ ಅವೆಲ್ಲಾ ಫೋರ್ ಸ್ಟ್ರೋಕ್. ತಾತನದು ಟೂ ಸ್ಟ್ರೋಕ್. ಅದು ಹಾಳಾದರೆ ಅಂಥದ್ದೇ ಹೊಸದು ಅಂಗಡಿಯಲ್ಲಿ ಸಿಗುವುದಿಲ್ಲ.

ಇದಕ್ಕೆ ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಎಡಗಾಲಿನ ಹತ್ತಿರ ಒಂದೇ ಲಿವರ್ ಇದೆ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ತಂದರೆ ಗೇರ್!

ಟೂ ಸ್ಟ್ರೋಕ್ ಎಂದರೇನು?

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ, ಎರಡು ಸಲ ಕೆಳಗೆ ಓಡಾಡಿದರೆ ಒಂದು ಸಲ ಬೆಂಕಿ ಹತ್ತುತ್ತದೆ. ಟೂ ಸ್ಟ್ರೋಕಿನಲ್ಲಿ ಒಂದು ಸಲ ಮೇಲೆ, ಒಂದು ಸಲ ಕೆಳಗೆ, ಅಷ್ಟೆ.

ಸೈಕಲ್ ಪಂಪನ್ನು ನೆನಪು ಮಾಡಿಕೊಳ್ಳಿ. ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗಿನ ಕೋಣೆಗೆ ಕಾರ್ಬುರೇಟರಿನಿಂದ ಗಾಳಿ ಮತ್ತು ಪೆಟ್ರೋಲ್ ಬರುತ್ತವೆ. ಅದೇ ಹೊತ್ತಿಗೆ ಪಿಸ್ಟನ್ನಿನ ಮೇಲುಗಡೆ ಇರುವ ಮಿಶ್ರಣ ಒತ್ತಿಕೊಂಡು, ಪ್ಲಗ್ಗಿನ ಕಿಡಿಗೆ ಉರಿದು, ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳು ತೆರೆದುಕೊಳ್ಳುತ್ತವೆ. ಒಂದು ಕಿಂಡಿಯಿಂದ ಹೊಗೆ ಹೊರಗೆ ಹೋಗುತ್ತದೆ. ಬೇರೆ ಕಿಂಡಿಗಳಿಂದ ಕೆಳಗಿನ ಕೋಣೆಯ ಹೊಸ ಮಿಶ್ರಣ ಮೇಲಕ್ಕೆ ನುಗ್ಗುತ್ತದೆ. ಇಲ್ಲಿ ವಾಲ್ವುಗಳಿಲ್ಲ. ಪಿಸ್ಟನ್ನೇ ಬಾಗಿಲು.

ಈಗ ಮುಖ್ಯವಾದ ಮಾತು. ಫೋರ್ ಸ್ಟ್ರೋಕಿನಲ್ಲಿ ಕೆಳಗಡೆ ಆಯಿಲ್ ತುಂಬಿರುತ್ತದೆ. ಟೂ ಸ್ಟ್ರೋಕಿನಲ್ಲಿ ಆ ಕೋಣೆಯೊಳಗೇ ಪೆಟ್ರೋಲ್ ಹಾದು ಹೋಗಬೇಕು. ಅಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಗೇರ್ ಬಾಕ್ಸಿನಲ್ಲಿ ಬೇರೆ ಆಯಿಲ್ ಇದೆ, ಆದರೆ ಅದು ಪಿಸ್ಟನ್ನಿಗೆ ಸಿಗುವುದಿಲ್ಲ. ಅದಕ್ಕೇ ಪೆಟ್ರೋಲಿನಲ್ಲೇ ೨ಟಿ ಆಯಿಲ್ ಬೆರೆಸಬೇಕು. ನಮ್ಮ ತಾತನ ಲೆಕ್ಕ ೨೫ಕ್ಕೆ ೧. ಅಂದರೆ ಒಂದು ಲೀಟರಿಗೆ ೪೦ ಮಿಲಿ. ಆ ಆಯಿಲ್ ಜಿಡ್ಡಾಗಿ ಅಂಟಿಕೊಂಡು ಎಂಜಿನ್ನನ್ನು ಕಾಪಾಡುತ್ತದೆ. ಆಮೇಲೆ ತಾನೂ ಉರಿದು ಹೋಗುತ್ತದೆ. ಅದರಿಂದಲೇ ಬಿಳಿ ಹೊಗೆ ಬರುವುದು. ಅಲ್ಲದೆ ಕಿಂಡಿ ತೆರೆದಾಗ ಸ್ವಲ್ಪ ಪೆಟ್ರೋಲೂ ಉರಿಯದೆ ಹೊರಗೆ ಹೋಗುತ್ತದೆ. ಇಂಥ ಎಂಜಿನ್ ಕಡಿಮೆಯಾಗಲು ಇದೂ ಒಂದು ಕಾರಣ.

ನಾನು ಮಾಡಿದ ತಪ್ಪು

ತಾತ ಬಂಕಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತರುತ್ತಾರೆ. ಆಯಿಲ್ ಅಳೆದು ಬೆರೆಸುವ ಕೆಲಸ ನನ್ನದು. ಅವತ್ತು ಆಯಿಲ್ ಮುಗಿದಿತ್ತು. ತಗೊಂಡು ಬಾ ಎಂದು ತಾತ ದುಡ್ಡು ಕೊಟ್ಟರು. ನಾನು ಆ ದುಡ್ಡನ್ನು ಕ್ರಿಕೆಟ್ ಚೆಂಡಿನ ಪಾಲಿಗೆ ಕೊಟ್ಟುಬಿಟ್ಟೆ. ಒಂದು ಸಲಕ್ಕೆ ಏನಾಗುತ್ತೆ ಅಂದುಕೊಂಡು ಬರೀ ಪೆಟ್ರೋಲ್ ಸುರಿದೆ. "ಆಯಿಲ್ ಹಾಕ್ದೇನೋ?" ಅಂದರು ತಾತ. "ಹಾಕ್ದೆ ತಾತ" ಅಂದೆ.

ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಹೆಚ್ಚು ಕಮ್ಮಿ ಖಾಲಿಯಾಗಿತ್ತು. ಮಧ್ಯಾಹ್ನದ ಬಿಸಿಲು. ಪೇಟೆಗೆ ಹೋಗುವಾಗ ಏರಿನಲ್ಲಿ ಎಂಜಿನ್ ಕಿರ್ ಎಂದು ಹಿಡಿದುಕೊಂಡಿತು. ಇದಕ್ಕೆ ಸೀಜ್ ಆಗುವುದು ಅಂತಾರೆ. ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರಿನ ಒಳಗೋಡೆ ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಮಧ್ಯೆ ಜಿಡ್ಡು ಇಲ್ಲದಿದ್ದರೆ ಉಜ್ಜಿ ಉಜ್ಜಿ ಅಂಟಿಕೊಳ್ಳುತ್ತದೆ. ಆಗ ಹಿಂದಿನ ಚಕ್ರವೂ ನಿಂತುಬಿಡುತ್ತದೆ. ತಾತ ತಕ್ಷಣ ಕ್ಲಚ್ ಹಿಡಿದಿದ್ದರಿಂದ ಚಕ್ರ ಬಿಟ್ಟುಕೊಂಡಿತು. ಆದರೂ ಬೈಕು ಜಾರಿ ಬಿದ್ದು ಮೊಣಕೈ ತರಚಿತು. ಹಿಂದೆ ಲಾರಿ ಬರುತ್ತಿದ್ದರೆ? ಅದನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಮೆಕ್ಯಾನಿಕ್ ಮಾಮ ಟ್ಯಾಂಕಿನ ಪೆಟ್ರೋಲನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಯಿಲ್ ಇದ್ದರೆ ಬೆರಳು ಜಿಡ್ಡಾಗಬೇಕು. ಸುಮ್ಮನೆ ಆರಿಹೋಯಿತು. "ಯಜಮಾನ್ರೇ, ಇದ್ರಲ್ಲಿ ಆಯಿಲ್ಲೇ ಇಲ್ವಲ್ಲ" ಅಂದರು. ಅದಕ್ಕೆ ತಾತ "ಇಲ್ಲ ಬಿಡಪ್ಪಾ, ಅಳತೆ ನಮ್ಮ ಹುಡುಗಂದು. ಅವ್ನು ತಪ್ಪಲ್ಲ" ಅಂದರು. ನನಗೆ ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಳುತ್ತಾ ನಿಜ ಹೇಳಿದೆ. ತಾತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾಳೆಯಿಂದ ನೀನೂ ಬಾ, ಕೈ ಮಸಿ ಮಾಡ್ಕೊ. ಆವಾಗ ಗೊತ್ತಾಗುತ್ತೆ" ಅಂದರು.

ರಿಪೇರಿಯಲ್ಲಿ ಕಲಿತದ್ದು

೧. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಇಡಬೇಕು. ನಾನು ನಟ್ಟು ಬೋಲ್ಟುಗಳನ್ನು ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟೆ. ಅಜ್ಜಿ ಬೈದರು, ಆದರೆ ಒಂದೂ ಕಳೆಯಲಿಲ್ಲ.

೨. ಪಿಸ್ಟನ್ ಮೈಮೇಲೆ ಉಗುರಲ್ಲಿ ಗೀರಿದ ಹಾಗೆ ಉದ್ದ ಗೆರೆಗಳಿದ್ದವು. ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಅರ್ಧ ಮಿಲಿಮೀಟರ್ ದೊಡ್ಡದಾಗಿ ಬೋರ್ ಮಾಡಿಸಿ, ಆ ಅಳತೆಗೆ ಹೊಸ ಪಿಸ್ಟನ್ ಹಾಕಿಸಬೇಕಾಯಿತು. ಪ್ರತಿ ಸಲ ಬೋರ್ ಮಾಡಿಸಿದಾಗಲೂ ಸಿಲಿಂಡರಿನ ಗೋಡೆ ತೆಳ್ಳಗಾಗುತ್ತದೆ. ಅಂದರೆ ನನ್ನ ಒಂದು ಸುಳ್ಳು ಅದರ ಆಯಸ್ಸಿನಲ್ಲಿ ಅಷ್ಟು ತಿಂದುಬಿಟ್ಟಿತು. ರಾಗಿ ಮಾರಿದ ದುಡ್ಡು ಅದಕ್ಕೇ ಹೋಯಿತು.

೩. ಪಿಸ್ಟನ್ನಿನ ರಿಂಗ್ ಕೂರುವ ಗಾಡಿಯಲ್ಲಿ ಒಂದು ಸಣ್ಣ ಮೊಳೆ ಇರುತ್ತದೆ. ರಿಂಗಿನ ಬಾಯಿ ಅಲ್ಲಿಗೇ ಬರಬೇಕು. ಇಲ್ಲದಿದ್ದರೆ ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ.

೪. ಆಯಿಲ್ ಉರಿದ ಮಸಿ ಸೈಲೆನ್ಸರಿನಲ್ಲಿ ಕಟ್ಟಿಕೊಳ್ಳುತ್ತದೆ. ಒಳಗಿನ ಕೊಳವೆ ತೆಗೆದು ಕೆರೆಯಬೇಕು. ಮೂಗು ಕಟ್ಟಿದರೆ ನಾವು ಓಡಲಾರೆವಲ್ಲ, ಹಾಗೆಯೇ ಇದು.

೫. ಕಾರ್ಬುರೇಟರಿನ ಜೆಟ್ಟಿನ ತೂತು ಬಲು ಸಣ್ಣದು. ತಂತಿ ಹಾಕಿ ಕೆದಕಬಾರದು, ತೂತು ದೊಡ್ಡದಾಗುತ್ತದೆ. ಗಾಳಿ ಊದಿಸಬೇಕು.

೬. ಹೊಸ ಪಿಸ್ಟನ್ ಹಾಕಿದ ಮೇಲೆ ಮೊದಲು ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು. ಭಾರ ಹೇರಬಾರದು. ಅದಕ್ಕೇ ತಾತ ಯಾರನ್ನೂ ಹಿಂದೆ ಕೂರಿಸಿಕೊಳ್ಳುತ್ತಿರಲಿಲ್ಲ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಎಚ್ಚರಿಕೆ: ಪೆಟ್ರೋಲಿನ ಕೆಲಸವನ್ನು ಬಯಲಿನಲ್ಲೇ, ದೊಡ್ಡವರು ಜೊತೆಗಿದ್ದಾಗಲೇ ಮಾಡಬೇಕು. ಹತ್ತಿರ ದೀಪ, ಬೀಡಿ, ಬೆಂಕಿಕಡ್ಡಿ ಇರಕೂಡದು.

ಒಂದು ತಿಂಗಳಾದ ಮೇಲೆ ತಾತ ಕಿಕ್ಕರ್ ಒದ್ದರು. ಮೂರನೇ ಒದೆತಕ್ಕೆ ಡುಗು ಡುಗು ಅಂತು. ಅಜ್ಜಿ ಹೊಗೆಗೆ ಕೆಮ್ಮುತ್ತಲೇ ನಕ್ಕರು. ಅವತ್ತು ಪೆಟ್ರೋಲ್ ತಂದಾಗ ತಾತ ಮತ್ತೆ ಕ್ಯಾನನ್ನು ನನ್ನ ಕೈಗೇ ಕೊಟ್ಟರು. "ಅಳ್ದು ಹಾಕು" ಅಂದರು, ಅಷ್ಟೆ. ನಾನು ಎರಡು ಸಲ ಅಳೆದೆ. ಹಾಕಿದೆಯಾ ಎಂದು ಅವರು ಕೇಳಲಿಲ್ಲ.

ಚೆಂಡು ನನ್ನ ಹತ್ತಿರವೇ ಇದೆ. ಆಡುವುದಕ್ಕೆ ಬೇಕಾದವರು ತೆಗೆದುಕೊಂಡು ಹೋಗಬಹುದು.

ಲೆಕ್ಕ ಮಾಡಿ: ಮೂರೂವರೆ ಲೀಟರ್ ಪೆಟ್ರೋಲಿಗೆ ಎಷ್ಟು ಮಿಲಿ ಆಯಿಲ್ ಬೇಕು? ಉತ್ತರವನ್ನು ಚೀಟಿಯಲ್ಲಿ ಬರೆದು ನನಗೆ ಕೊಡಿ.

ಇಂತಿ ನಿಮ್ಮ ಸಹಪಾಠಿ,
೭ನೇ ತರಗತಿ