ಶಾಲೆಯ ವ್ಯಾನು ನಿಂತ ಮೇಲೆ

ಶಾಲೆ ಬಿಟ್ಟು ಎರಡು ತಿಂಗಳಾಗಿತ್ತು. ಆದರೂ ಆ ಹುಡುಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದ. "ವ್ಯಾನು ಬರಲ್ಲ ಕಣೋ" ಎಂದು ಅವನಮ್ಮ ದಿನಾ ಹೇಳುತ್ತಿದ್ದರು. ಬೌದ್ಧಿಕ ವಿಕಲತೆಯುಳ್ಳ, ಜನ ಇನ್ನೂ ಬುದ್ಧಿಮಾಂದ್ಯರು ಎಂದೇ ಕರೆಯುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಹದಿನೆಂಟು ತುಂಬುವುದೆಂದರೆ ಇದೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ವೃತ್ತಿ ತರಬೇತಿ, ಉದ್ಯೋಗಗಳಿಗೂ ಅದೇ ಕಾಯ್ದೆಯಲ್ಲಿ ಸೆಕ್ಷನ್‌ಗಳಿವೆ. ಆದರೆ ಶಾಲೆಯಿಂದ ಕೆಲಸದ ಜಾಗಕ್ಕೆ ಮಗುವಿನ ಕೈಹಿಡಿದು ದಾಟಿಸಬೇಕಾದವರು ಯಾರು ಎಂದು ಕೇಳಿದರೆ ಯಾವ ಕಚೇರಿಯೂ "ನಾವು" ಎನ್ನುವುದಿಲ್ಲ. ಸದ್ಯಕ್ಕೆ ಆ ಕೆಲಸ ಮನೆಯವರದೇ. ಹಾಗಾಗಿ ಮಗುವಿಗೆ ಹದಿನೈದು, ಹದಿನಾರು ಆದಾಗಲೇ ಓಡಾಟ ಶುರುವಾಗಬೇಕು.

ಮೊದಲು ತರಬೇತಿಯ ಮಾತು. ನಮ್ಮಲ್ಲಿ ತರಬೇತಿ ಎಂದರೆ ಮೇಣದಬತ್ತಿ, ಪೇಪರ್ ಕವರ್, ಫಿನಾಯಿಲ್. ವರ್ಷಗಟ್ಟಲೆ ಕಲಿಸುತ್ತಾರೆ, ಕೊಳ್ಳುವವರು ಮಾತ್ರ ಇರುವುದಿಲ್ಲ. ಕಾಯ್ದೆಯ ಸೆಕ್ಷನ್ 19 ಕೇಳುವುದು ಇದನ್ನಲ್ಲ. ಬೌದ್ಧಿಕ ವಿಕಲತೆ, ಆಟಿಸಂ ಇರುವವರಿಗೆ ಮಾರುಕಟ್ಟೆಯ ಜೊತೆ ನೇರ ನಂಟಿರುವ ಪ್ರತ್ಯೇಕ ಕೌಶಲ ತರಬೇತಿ ಇರಬೇಕು, ರಿಯಾಯಿತಿ ಬಡ್ಡಿಯ ಸಾಲ ಸಿಗಬೇಕು, ಅವರು ಮಾಡಿದ ವಸ್ತುಗಳ ಮಾರಾಟಕ್ಕೂ ವ್ಯವಸ್ಥೆಯಾಗಬೇಕು ಎಂದು ಅದು ಹೇಳುತ್ತದೆ. ತರಬೇತಿ ಕೇಂದ್ರಕ್ಕೆ ಸೇರಿಸುವ ಮೊದಲು "ಇಲ್ಲಿ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ?" ಎಂದು ಕೇಳಿ. ಅದು ನಿಮ್ಮ ಹಕ್ಕಿನ ಪ್ರಶ್ನೆ. ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆಯಲ್ಲಿ ವಿಕಲಚೇತನ ಯುವಕ ಯುವತಿಯರೇ ಗಿರಾಕಿಗಳನ್ನು ನೋಡಿಕೊಳ್ಳುತ್ತಾರೆ. 2023ರಲ್ಲಿ ಅದರ ಒಂದು ಕೆಫೆ ಸುಪ್ರೀಂ ಕೋರ್ಟ್ ಆವರಣದಲ್ಲೇ ತೆರೆಯಿತು. ನಮ್ಮ ಮಕ್ಕಳಿಂದ ಏನಾಗುತ್ತದೆ ಎನ್ನುವವರಿಗೆ ಆ ಕೆಫೆಯನ್ನು ತೋರಿಸಬಹುದು.

ಇನ್ನು ಕಾಗದಪತ್ರ. ಚಿಕ್ಕಂದಿನಲ್ಲಿ ಮಾಡಿಸಿದ ವಿಕಲತೆಯ ಪ್ರಮಾಣಪತ್ರ ಸಾಕೆಂದು ಬಹಳ ಜನ ಸುಮ್ಮನಿರುತ್ತಾರೆ. ಬೌದ್ಧಿಕ ವಿಕಲತೆಯ ಪ್ರಮಾಣಪತ್ರವನ್ನು 18ನೇ ವಯಸ್ಸಿನಲ್ಲಿ ನವೀಕರಿಸಲೇಬೇಕು. ಆಗ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ವಿಕಲಚೇತನರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಿರಿ. ಆಸ್ಪತ್ರೆಯಲ್ಲಿ ಬುದ್ಧಿಮಟ್ಟದ ಪರೀಕ್ಷೆಯ ಜೊತೆಗೆ ದಿನನಿತ್ಯದ ಬದುಕನ್ನು ಮಗು ಹೇಗೆ ನಿಭಾಯಿಸುತ್ತದೆ ಎಂಬುದನ್ನೂ ನೋಡುತ್ತಾರೆ. ಮಾಸಾಶನದ ಆಸೆಗೆ "ಇವನಿಗೆ ಏನೂ ಬರಲ್ಲ" ಎಂದು ಅವನೆದುರೇ ಹೇಳುವ ತಂದೆ ತಾಯಿಯರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತು ಅವನ ಕಿವಿಗೂ ಬೀಳುತ್ತದೆ, ದಯವಿಟ್ಟು ಆಡಬೇಡಿ. ಪ್ರಮಾಣಪತ್ರ ತಿರಸ್ಕೃತವಾದರೆ, ಶೇಕಡಾವಾರು ತಪ್ಪಿದ್ದರೆ ಸೆಕ್ಷನ್ 59ರ ಕೆಳಗೆ ಮೇಲ್ಮನವಿ ಸಲ್ಲಿಸಬಹುದು.

ಅತಿ ಹೆಚ್ಚು ಗೊಂದಲ ಇರುವುದು ಬ್ಯಾಂಕ್ ಖಾತೆ ಮತ್ತು ಪೋಷಕತ್ವದ ವಿಷಯದಲ್ಲಿ. ಹದಿನೆಂಟು ತುಂಬಿದ ಮಗ ಅಥವಾ ಮಗಳು ಕಾನೂನಿನ ಕಣ್ಣಲ್ಲಿ ವಯಸ್ಕರು. ಹೆತ್ತವರೆಂಬ ಕಾರಣಕ್ಕೇ ಅವರ ಪರವಾಗಿ ಸಹಿ ಹಾಕುವ ಅಧಿಕಾರ ನಿಮಗೆ ಉಳಿಯುವುದಿಲ್ಲ. ಇದು ಗೊತ್ತಾದ ಕೂಡಲೇ ಗಾಬರಿಯಿಂದ ಪೋಷಕತ್ವದ ಅರ್ಜಿ ಹಾಕುವವರೇ ಹೆಚ್ಚು. ಸ್ವಲ್ಪ ತಾಳಿ. ಆಸ್ತಿ ಹೊಂದಲು, ಹಣಕಾಸು ನೋಡಿಕೊಳ್ಳಲು ಎಲ್ಲರಷ್ಟೇ ಹಕ್ಕು ವಿಕಲಚೇತನರಿಗೂ ಇದೆ ಎಂದು 2016ರ ಕಾಯ್ದೆಯ ಸೆಕ್ಷನ್ 13 ಹೇಳುತ್ತದೆ. ಕರಾರು ಕಾಯ್ದೆಯೂ ನೋಡುವುದು ಪ್ರಮಾಣಪತ್ರದಲ್ಲಿರುವ ಶೇಕಡಾವಾರನ್ನಲ್ಲ. ಒಪ್ಪಂದದಿಂದ ತನಗಾಗುವ ಲಾಭ ನಷ್ಟವನ್ನು ಆ ವ್ಯಕ್ತಿ ಆ ಹೊತ್ತಿನಲ್ಲಿ ತಿಳಿಯಬಲ್ಲನೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ತಿಂಗಳ ಸಂಬಳ ಎಷ್ಟು, ಎಷ್ಟು ಗಂಟೆ ಕೆಲಸ ಎಂದು ಸರಳವಾಗಿ ಬಿಡಿಸಿ ಹೇಳಿದರೆ ಅರ್ಥಮಾಡಿಕೊಳ್ಳುವವರು ಅನೇಕರಿದ್ದಾರೆ. ಅಂಥವರಿಗೆ ತಮ್ಮದೇ ಹೆಸರಿನ ಖಾತೆ ತೆರೆಸಿ, ಸಂಬಳ ಅಲ್ಲಿಗೇ ಬರಲಿ. ಎಟಿಎಂ ಬಳಸುವುದನ್ನು ಕಲಿಸುವುದೂ ತರಬೇತಿಯ ಭಾಗವೇ.

ನಿಜಕ್ಕೂ ಪೋಷಕರು ಬೇಕಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ದಾರಿಯಿದೆ. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಪೋಷಕರು ಬೇಕೇ, ಬೇಕಾದರೆ ಯಾವ ಯಾವ ಕೆಲಸಕ್ಕೆ ಎಂದು ಸಮಿತಿ ಪರಿಶೀಲಿಸಲೇಬೇಕು. 2016ರ ಕಾಯ್ದೆಯ ಸೆಕ್ಷನ್ 14 ಹೇಳುವ ಸೀಮಿತ ಪೋಷಕತ್ವದಲ್ಲಿ ಪೋಷಕರು ಮತ್ತು ಆ ವ್ಯಕ್ತಿ ಇಬ್ಬರೂ ಕೂಡಿ ತೀರ್ಮಾನಿಸಬೇಕು, ಒಬ್ಬರೇ ಎಲ್ಲವನ್ನೂ ನಿರ್ಧರಿಸುವಂತಿಲ್ಲ.

ಸರ್ಕಾರಿ ಕೆಲಸದ ಬಗ್ಗೆ ಹೆಚ್ಚು ಆಸೆ ಹುಟ್ಟಿಸಲು ಮನಸ್ಸು ಬರುವುದಿಲ್ಲ. ಸೆಕ್ಷನ್ 34ರ ಶೇ 4 ಮೀಸಲಾತಿಯಲ್ಲಿ ಬೌದ್ಧಿಕ ವಿಕಲತೆ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ವಿಕಲತೆ ಎಲ್ಲಕ್ಕೂ ಸೇರಿ ಸಿಗುವುದು ಶೇ 1. ಒಂದೇ ಬರವಣಿಗೆ ಪರೀಕ್ಷೆಯಲ್ಲಿ ಇವರೆಲ್ಲರ ನಡುವೆ ನಮ್ಮ ಹುಡುಗರು ಗೆಲ್ಲುವುದು ಕಷ್ಟ. ಇದು ಕಾಯ್ದೆಯಲ್ಲೇ ಇರುವ ಕೊರತೆ, ಬದಲಾಗಬೇಕು. ಆದರೂ ನಿಮ್ಮ ಮಗುವಿಗೆ ಹೊಂದುವ ಹುದ್ದೆ ಎಂದು ಗುರುತಿಸಿದ್ದರೆ ಅರ್ಜಿ ಹಾಕದೆ ಬಿಡಬೇಡಿ.

ಹೆಚ್ಚಿನವರಿಗೆ ಕೆಲಸ ಸಿಗುವುದು ಹೋಟೆಲು, ಬೇಕರಿ, ಪ್ಯಾಕಿಂಗ್ ಘಟಕ, ಸೂಪರ್ ಮಾರ್ಕೆಟ್‌ಗಳಲ್ಲಿ. ಖಾಸಗಿಯವರಿಗೆ ಮೀಸಲಾತಿ ಇಲ್ಲ. ಆದರೆ ಸೆಕ್ಷನ್ 21ರಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ, ವಿಕಲಚೇತನರಿಗೆ ಯಾವ ಹುದ್ದೆ ಹೊಂದುತ್ತದೆ, ಆಯ್ಕೆ ಹೇಗೆ, ಯಾವ ಅನುಕೂಲ ಒದಗಿಸುತ್ತೇವೆ ಎಂಬುದೂ ಅದರಲ್ಲಿರಬೇಕು. ಸಂದರ್ಶನಕ್ಕೆ ಹೋದಾಗ ಆ ನೀತಿಯ ಪ್ರತಿ ಕೇಳಿ. ಅನುಕೂಲವೆಂದರೆ ದೊಡ್ಡ ಖರ್ಚಿನದೇ ಆಗಬೇಕಿಲ್ಲ. ಕೆಲಸದ ಹಂತಗಳನ್ನು ಚಿತ್ರದಲ್ಲಿ ಬರೆದು ಗೋಡೆಗೆ ಅಂಟಿಸುವುದು, ಒಮ್ಮೆಗೆ ಒಂದೇ ಮಾತು ಹೇಳುವುದು, ಪಾಳಿ ಪದೇ ಪದೇ ಬದಲಿಸದಿರುವುದು, ಮೊದಲ ಕೆಲವು ವಾರ ತರಬೇತುದಾರರೊಬ್ಬರು ಜೊತೆಗಿರುವುದು. ಹೀಗೆ ಶುರುವಾದ ಕೆಲಸಗಳೇ ಉಳಿಯುತ್ತವೆ. ನೇಮಕಾತಿ ಪತ್ರವನ್ನೂ ಕೇಳಿ ಪಡೆಯಿರಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯಕ್ಕೆ ಬೇರೆಯವರಿಗೆ ಸಂಬಳದ ಮಿತಿ 21,000 ರೂಪಾಯಿ, ವಿಕಲಚೇತನ ನೌಕರರಿಗೆ 25,000.

ಕೆಲಸಕ್ಕೆ ಸೇರಿದರೆ ಮುಂದೆ ಕುಟುಂಬ ಪಿಂಚಣಿ ತಪ್ಪುತ್ತದೆಂದು ಮನೆಯಲ್ಲೇ ಕೂರಿಸುವ ನಿವೃತ್ತ ನೌಕರರೂ ಇದ್ದಾರೆ. ಕೇಂದ್ರ ಸರ್ಕಾರಿ ನೌಕರರಾಗಿದ್ದರೆ 2021ರ ಬದಲಾವಣೆ ನೋಡಿ: ಮಗುವಿನ ಇತರ ಆದಾಯ, ತೀರಿಹೋದ ನೌಕರರ ಕೊನೆಯ ವೇತನದ ಶೇ 30 ಮತ್ತು ಅದರ ಮೇಲಿನ ತುಟ್ಟಿ ಪರಿಹಾರ ಸೇರಿದ ಮೊತ್ತಕ್ಕಿಂತ ಕಡಿಮೆಯಿದ್ದರೆ ಪಿಂಚಣಿ ಜೀವನಪೂರ್ತಿ ಸಿಗುತ್ತದೆ. ಸಣ್ಣ ಸಂಬಳದ ಕೆಲಸಕ್ಕೆ ಹೆದರಬೇಕಾಗಿಲ್ಲ.

ಕೆಲಸದ ಜಾಗದಲ್ಲಿ ನಾಲ್ಕು ಜನರೆದುರು ಬೇಕೆಂದೇ ಹೀಯಾಳಿಸಿ ಅವಮಾನಿಸಿದರೆ ಅದು ಸೆಕ್ಷನ್ 92ರ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡ ಇದೆ. ಸರ್ಕಾರಿ ಕಚೇರಿಯಲ್ಲಾದರೆ ಮೊದಲು ಅಲ್ಲಿನ ಕುಂದುಕೊರತೆ ನಿವಾರಣಾಧಿಕಾರಿಗೆ ಬರೆಯಿರಿ. ಯಾವುದೇ ಹಕ್ಕು ನಿರಾಕರಿಸಿದರೂ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಅವರ ಶಿಫಾರಸಿನ ಮೇಲೆ ಏನು ಕ್ರಮ ಆಯಿತೆಂದು ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ತಿಳಿಸಬೇಕು. ವಕೀಲರು ಬೇಕಾದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ವಿಕಲಚೇತನರಿಗೆ ಉಚಿತ ನೆರವು ಕೊಡುವಾಗ ಅಲ್ಲಿ ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ.